ಮಿದುಳಿನ ಸ್ಕ್ಯಾನ್ ಮತ್ತು ಮಾತಿನ ಚಿಕಿತ್ಸೆ: ನರವಿಜ್ಞಾನ ಕೊಟ್ಟಿರುವುದೇನು, ಕೊಡದಿರುವುದೇನು?

2024ರ ಜೂನ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಬಂದ ಒಂದು ಸಂಶೋಧನೆ ಬಹಳ ಕಡೆ ಸುದ್ದಿಯಾಯಿತು. ಖಿನ್ನತೆ, ಆತಂಕದ ಕಾಯಿಲೆ ಇರುವ 801 ಜನರ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿ ನೋಡಿ, ಲಿಯಾನ್ ವಿಲಿಯಮ್ಸ್ ಅವರ ತಂಡ ಆರು ಬಗೆಗಳನ್ನು ಗುರುತಿಸಿತ್ತು. ಒಂದು ಬಗೆಯವರಿಗೆ ವೆನ್ಲಾಫ್ಯಾಕ್ಸಿನ್ ಎಂಬ ಮಾತ್ರೆ ಚೆನ್ನಾಗಿ ಹಿಡಿಯಿತು. ಇನ್ನೊಂದು ಬಗೆಯವರಿಗೆ ಮಾತಿನ ಚಿಕಿತ್ಸೆ, ಅಂದರೆ ಚಿಕಿತ್ಸಕರ ಎದುರು ಕೂತು ಮಾತಾಡುತ್ತ ಪಡೆಯುವ ಮನೋಚಿಕಿತ್ಸೆ, ಹೆಚ್ಚು ಫಲ ಕೊಟ್ಟಿತು. ಮೂರನೆಯ ಬಗೆಯವರಿಗೆ ಅದೇ ಮಾತಿನ ಚಿಕಿತ್ಸೆ ಅಷ್ಟಾಗಿ ನಾಟಲಿಲ್ಲ. ಇಷ್ಟೆಲ್ಲ ವಿವರ ಶೀರ್ಷಿಕೆಯೊಳಗೆ ಹಿಡಿಸುವುದಿಲ್ಲ. ಹಾಗಾಗಿ ಓದುಗರಿಗೆ ಉಳಿದದ್ದು ಒಂದೇ ಮಾತು: ಇನ್ನು ಮುಂದೆ ತಲೆ ಸ್ಕ್ಯಾನ್ ಮಾಡಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಬರೆಯುತ್ತಾರೆ.

ಇದನ್ನು ಓದಿದವರಿಗೆ ಎರಡು ಪ್ರಶ್ನೆ ಏಳುವುದು ಸಹಜ. ಕಾಯಿಲೆ ಇರುವುದು ಮಿದುಳಿನಲ್ಲಿ ಎಂದಾದರೆ, ಎದುರು ಕೂತು ಮಾತಾಡುವುದರಿಂದ ಅದು ಹೇಗೆ ವಾಸಿಯಾದೀತು? ಮಾತಿನಿಂದಲೇ ವಾಸಿಯಾಗುವುದಾದರೆ ಸ್ಕ್ಯಾನ್ ಯಾಕೆ ಬೇಕು? ಮನೆಯಲ್ಲೊಬ್ಬರು ತಿಂಗಳುಗಟ್ಟಲೆ ಮಂಕಾಗಿ ಕೂತಿದ್ದಾರೆ, ಯಾರ ಹತ್ತಿರ ಕರೆದುಕೊಂಡು ಹೋಗುವುದು, ಎಷ್ಟು ಸಾಲ ಮಾಡುವುದು ಎಂದು ಲೆಕ್ಕ ಹಾಕುತ್ತಿರುವ ಕುಟುಂಬಕ್ಕೆ ಇವೆರಡೂ ತುರ್ತಿನ ಪ್ರಶ್ನೆಗಳು.

ನರವಿಜ್ಞಾನ ಮಾತಿನ ಚಿಕಿತ್ಸೆಗೆ ನಿಜಕ್ಕೂ ದೊಡ್ಡ ಉಪಕಾರ ಮಾಡಿದೆ. ಆ ಉಪಕಾರ ಬಂದಿರುವ ದಾರಿ ಮಾತ್ರ ಸುದ್ದಿಯಾಗುವ ದಾರಿಗಿಂತ ಬೇರೆ.

ಆರನ್ ಬೆಕ್ ಮಾಡಿದ್ದೇನು?

ಆಸ್ಪತ್ರೆಗಳಲ್ಲಿ ಎಲ್ಲರೂ ‘ಸಿಬಿಟಿ’ ಎಂದೇ ಕರೆಯುವ ಅರಿವು-ವರ್ತನೆ ಚಿಕಿತ್ಸೆಯ ಒಂದು ಬೇರು 1960ರ ದಶಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿನ ಮನೋವೈದ್ಯ ಆರನ್ ಬೆಕ್, ಖಿನ್ನತೆ ಇರುವವರ ಮಾತಿನಲ್ಲಿ ಒಂದು ಸಂಗತಿಯನ್ನು ಗಮನಿಸಿದರು. ಏನೇ ನಡೆದರೂ ಅವರ ಮನಸ್ಸಿನಲ್ಲಿ ಕೂಡಲೇ, ತಾನಾಗಿಯೇ, ಒಂದು ಕಹಿ ಮಾತು ಹಾದುಹೋಗುತ್ತಿತ್ತು. ಅದನ್ನು ಅವರು ಪರೀಕ್ಷಿಸುತ್ತಿರಲಿಲ್ಲ, ಸತ್ಯವೆಂದೇ ನಂಬುತ್ತಿದ್ದರು.

ಒಂದು ಉದಾಹರಣೆ ನೋಡೋಣ. ತಾಯಿಯೊಬ್ಬಳು ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳಿಗೆ ಫೋನ್ ಮಾಡುತ್ತಾಳೆ. ಮಗಳು ಎತ್ತುವುದಿಲ್ಲ. ‘ಅವಳಿಗೂ ನಾನು ಬೇಡವಾದೆ’ ಎಂಬ ಮಾತು ತಾಯಿಯ ಮನಸ್ಸಿನಲ್ಲಿ ಸುಳಿಯುತ್ತದೆ. ಎದೆ ಭಾರವಾಗುತ್ತದೆ, ಊಟ ಸೇರುವುದಿಲ್ಲ, ಸಂಜೆ ಮಗಳೇ ಫೋನ್ ಮಾಡಿದಾಗ ಮಾತಾಡಲು ಮನಸ್ಸಾಗುವುದಿಲ್ಲ. ಮಗಳು ಬೇಸರದಿಂದ ಫೋನ್ ಇಡುತ್ತಾಳೆ. ತಾಯಿಗೆ ತನ್ನ ಅನುಮಾನವೇ ನಿಜವಾಯಿತು ಎನಿಸುತ್ತದೆ. ಸಿಬಿಟಿಯಲ್ಲಿ ಈ ಸರಪಳಿಯನ್ನು ಒಂದು ಹಾಳೆಯ ಮೇಲೆ ಬರೆಸುತ್ತಾರೆ: ಏನಾಯಿತು, ಮನಸ್ಸಿಗೆ ಏನು ಬಂತು, ಹೇಗನಿಸಿತು, ಏನು ಮಾಡಿದೆ. ಆಮೇಲೆ ಎರಡನೆಯ ಅಂಕಣಕ್ಕೆ ಹಿಂತಿರುಗಿ, ಅದಕ್ಕೆ ಸಾಕ್ಷಿ ಏನಿದೆ, ಬೇರೆ ಕಾರಣ ಇರಬಹುದೇ ಎಂದು ಕೇಳುತ್ತಾರೆ. ನಂತರದ ವಾರ ಅದನ್ನು ಪರೀಕ್ಷಿಸಲು ಸಣ್ಣದೊಂದು ಕೆಲಸ ಕೊಡುತ್ತಾರೆ.

ಈ ಪದ್ಧತಿ ಬೆಳೆದದ್ದು ರೋಗಿಗಳ ಮಾತನ್ನು ಎಚ್ಚರದಿಂದ ಕೇಳಿಸಿಕೊಂಡು. ಕೆಲಸ ಮಾಡುತ್ತದೆ ಎಂದು ತಿಳಿದದ್ದು, ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದ ಪ್ರಯೋಗಗಳಿಂದ. ಮಿದುಳಿನ ಒಳಗೆ ಏನಾಗುತ್ತದೆ ಎಂಬ ಪ್ರಶ್ನೆ ಬಂದದ್ದು ಬಹಳ ತಡವಾಗಿ.

ಮಾತು ಮಿದುಳನ್ನು ಬದಲಾಯಿಸುತ್ತದೆಯೇ?

ಬದಲಾಯಿಸುತ್ತದೆ. 1992ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ತಂಡ ಇದನ್ನು ತೋರಿಸಿತು. ಗೀಳು ಕಾಯಿಲೆಯ ಒಂಬತ್ತು ಮಂದಿಗೆ ಫ್ಲೂಆಕ್ಸೆಟಿನ್ ಮಾತ್ರೆ, ಇನ್ನೊಂಬತ್ತು ಮಂದಿಗೆ ಮಾತ್ರೆಯಿಲ್ಲದೆ ವರ್ತನೆಯ ಚಿಕಿತ್ಸೆ ಮಾತ್ರ. ಮೊದಲೂ ಆಮೇಲೂ, ಮಿದುಳಿನ ಯಾವ ಭಾಗ ಎಷ್ಟು ಚಟುವಟಿಕೆಯಲ್ಲಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್ ಮಾಡಿದರು. ಎರಡೂ ಗುಂಪಿನಲ್ಲಿ ಗುಣ ಕಂಡವರ ಮಿದುಳಿನ ಆಳದಲ್ಲಿರುವ ಕಾಡೇಟ್ ಎಂಬ ಭಾಗದ ಅತಿ ಚಟುವಟಿಕೆ ಇಳಿದಿತ್ತು. ಮಾತ್ರೆ ನುಂಗಿದರೂ ಅದೇ, ಬಾಗಿಲ ಚಿಲಕ ಮುಟ್ಟಿ ಕೈ ತೊಳೆಯದೆ ಕೂರುವುದನ್ನು ಅಭ್ಯಾಸ ಮಾಡಿದರೂ ಅದೇ.

ಖಿನ್ನತೆಯಲ್ಲಿ ಚಿತ್ರ ಬೇರೆಯಾಗಿತ್ತು. 2004ರಲ್ಲಿ ಟೊರಾಂಟೊದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಸಿಬಿಟಿಯಿಂದ ಗುಣವಾದವರ ಹಣೆಯ ಹಿಂದಿನ ಮಿದುಳಿನ ಚಟುವಟಿಕೆ ಇಳಿದು, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಭಾಗದ್ದು ಏರಿತ್ತು. ಮಾತ್ರೆಯಿಂದ ಗುಣವಾದವರಲ್ಲಿ ಹೆಚ್ಚುಕಡಿಮೆ ಇದರ ತಿರುಗುಮುರುಗು. ಇಬ್ಬರೂ ತಲುಪಿದ್ದು ಒಂದೇ ಊರು, ಹಿಡಿದ ದಾರಿ ಬೇರೆ.

ಇಲ್ಲೊಂದು ಎಚ್ಚರ ಬೇಕು. ‘ಸಿಬಿಟಿ ಮಿದುಳನ್ನೇ ಬದಲಾಯಿಸುತ್ತದೆ’ ಎಂದು ಜಾಹೀರಾತಿನಂತೆ ಹೇಳುವುದುಂಟು. ಸೈಕಲ್ ಕಲಿತರೂ ಮಿದುಳು ಬದಲಾಗುತ್ತದೆ, ಒಂದು ವಚನ ಬಾಯಿಪಾಠ ಮಾಡಿದರೂ ಬದಲಾಗುತ್ತದೆ. ಮನುಷ್ಯ ಏನನ್ನೇ ಕಲಿತರೂ ಅದು ಮಿದುಳಿನಲ್ಲೇ ನಡೆಯಬೇಕು. ಹಾಗಾಗಿ ಈ ಸ್ಕ್ಯಾನ್‌ಗಳು ಚಿಕಿತ್ಸೆ ಫಲಿಸಿತು ಎಂಬುದಕ್ಕೆ ಹೆಚ್ಚಿನ ಪುರಾವೆ ಒದಗಿಸುವುದಿಲ್ಲ. ರೋಗಿ ಮತ್ತೆ ಕೆಲಸಕ್ಕೆ ಹೋಗತೊಡಗಿದರೆ, ರಾತ್ರಿ ನಿದ್ದೆ ಮಾಡಿದರೆ, ಅದೇ ಪುರಾವೆ. ಮೊದಲ ಪ್ರಶ್ನೆಗೆ ಮಾತ್ರ ಈ ಅಧ್ಯಯನಗಳು ಉತ್ತರ ಕೊಡುತ್ತವೆ: ಮಾತೂ ಅಭ್ಯಾಸವೂ ಮಿದುಳಿಗೆ ಹೊರಗಿನ ಸಂಗತಿಗಳಲ್ಲ. ‘ಬರೀ ಮಾತಿನಿಂದ ಏನಾಗುತ್ತೆ’ ಎನ್ನುವವರಿಗೆ ಇಷ್ಟು ಹೇಳಲು ಅಡ್ಡಿಯಿಲ್ಲ.

ಭಯ ಅಳಿಯುವುದಿಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಪಾಠ ಬೆಳೆಯುತ್ತದೆ

ನರವಿಜ್ಞಾನದ ನಿಜವಾದ ಕೊಡುಗೆ ಇರುವುದು ಇಲ್ಲಿ. ಆತಂಕ, ಗೀಳು, ಆಘಾತದ ನೆನಪು ಇವೆಲ್ಲಕ್ಕೂ ಸಿಬಿಟಿಯ ಮುಖ್ಯ ಅಸ್ತ್ರ ಒಂದೇ. ಯಾವುದಕ್ಕೆ ಹೆದರುತ್ತೇವೋ ಅದನ್ನು ಹಂತಹಂತವಾಗಿ, ಓಡಿಹೋಗದೆ ಎದುರಿಸುವುದು. ಬಹುಕಾಲ ಇದರ ಹಿಂದಿದ್ದ ತಿಳಿವಳಿಕೆ ಏನೆಂದರೆ, ಎದುರಿಸುತ್ತ ಹೋದರೆ ಭಯ ಸವೆದು ಸವೆದು ಇಲ್ಲವಾಗುತ್ತದೆ ಎಂಬುದು. ಹಾಗಾದರೆ ವಾಸಿಯಾದವರಲ್ಲಿ ಹಲವರಿಗೆ ಆರು ತಿಂಗಳೋ ವರ್ಷವೋ ಕಳೆದ ಮೇಲೆ ಅದೇ ಭಯ ಮರಳುವುದೇಕೆ?

ಇದರ ಸುಳಿವು ನೂರು ವರ್ಷದ ಹಿಂದೆ ರಷ್ಯದ ವಿಜ್ಞಾನಿ ಪಾವ್ಲೊವ್ ಅವರ ನಾಯಿಗಳಲ್ಲೇ ಸಿಕ್ಕಿತ್ತು. ಸದ್ದು ಕೇಳಿಸಿ ಊಟ ಕೊಡುತ್ತ ಹೋದರೆ ನಾಯಿ ಸದ್ದಿಗೇ ಜೊಲ್ಲು ಸುರಿಸುತ್ತದೆ. ಊಟ ನಿಲ್ಲಿಸಿ ಬರೀ ಸದ್ದು ಕೇಳಿಸಿದರೆ ಕ್ರಮೇಣ ಜೊಲ್ಲೂ ನಿಲ್ಲುತ್ತದೆ. ಆದರೆ ಸ್ವಲ್ಪ ಕಾಲ ಬಿಟ್ಟು ಸದ್ದು ಕೇಳಿಸಿದಾಗ ಜೊಲ್ಲು ವಾಪಸ್ ಬಂದಿತು. ಮೊದಲ ಪಾಠ ಎಲ್ಲಿಗೂ ಹೋಗಿರಲಿಲ್ಲ. ಮುಂದೆ ಅಮೆರಿಕದ ಮಾರ್ಕ್ ಬೌಟನ್ ಇಲಿಗಳಲ್ಲಿ ಇನ್ನೊಂದು ಸೂಕ್ಷ್ಮ ಕಂಡರು. ಒಂದು ಪೆಟ್ಟಿಗೆಯಲ್ಲಿ ಇಲಿಗೆ ಸದ್ದಿನ ಭಯ ಕಲಿಸಿ, ಬೇರೊಂದು ಪೆಟ್ಟಿಗೆಯಲ್ಲಿ ಆ ಭಯ ಆರುವಂತೆ ಮಾಡಿದರೆ, ಮೊದಲ ಪೆಟ್ಟಿಗೆಗೆ ಹಿಂತಿರುಗಿದ ಕೂಡಲೇ ಭಯವೂ ಹಿಂತಿರುಗುತ್ತದೆ. ಭಯದ ಪಾಠ ಎಲ್ಲೆಲ್ಲೂ ಅನ್ವಯಿಸುತ್ತದೆ, ‘ಇಲ್ಲಿ ಅಪಾಯವಿಲ್ಲ’ ಎಂಬ ಅಭಯದ ಪಾಠ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ.

2002ರಲ್ಲಿ ಮೊಹಮ್ಮದ್ ಮಿಲಾದ್ ಮತ್ತು ಗ್ರೆಗರಿ ಕ್ವಿರ್ಕ್ ಈ ಅಭಯದ ಪಾಠ ಮಿದುಳಿನಲ್ಲಿ ಎಲ್ಲಿ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಭಯದ ಗಂಟೆ ಬಾರಿಸುವುದು ಅಮಿಗ್ಡಲ ಎಂಬ ಬಾದಾಮಿ ಆಕಾರದ ಭಾಗ. ಅದಕ್ಕೆ ಬ್ರೇಕ್ ಹಾಕುವುದು ಮಿದುಳಿನ ಮುಂಭಾಗದ ನಡುವಿರುವ ಒಂದು ಪಟ್ಟಿ. ಭಯ ಆರಿದ ಇಲಿಗಳಲ್ಲಿ, ಮರುದಿನ ಸದ್ದು ಕೇಳಿದಾಗ ಈ ಪಟ್ಟಿಯ ನರಕೋಶಗಳು ಚುರುಕಾಗಿ ಮಿಡಿಯುತ್ತಿದ್ದವು. ಇನ್ನೂ ಭಯದಲ್ಲೇ ಇದ್ದ ಇಲಿಗಳ ಅದೇ ಪಟ್ಟಿಯನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಅವೂ ಭಯ ಆರಿದಂತೆಯೇ ನಡೆದುಕೊಂಡವು. ನಾನು ಯಾವ ಜಾಗದಲ್ಲಿದ್ದೇನೆ, ಇಲ್ಲಿ ಯಾವ ಪಾಠ ಅನ್ವಯಿಸುತ್ತದೆ ಎಂಬ ಸುಳಿವು ಕೊಡುವುದು ಹಿಪ್ಪೊಕ್ಯಾಂಪಸ್. ಹಳೆಯ ಭಯವೂ ಹೊಸ ಅಭಯವೂ ಜೊತೆಗೇ ಇರುತ್ತವೆ. ಆ ಹೊತ್ತಿಗೆ, ಆ ಜಾಗದಲ್ಲಿ ಯಾವುದು ಮೊದಲು ನೆನಪಿಗೆ ಬರುತ್ತದೆಯೋ ಅದು ಗೆಲ್ಲುತ್ತದೆ.

ಇದರಿಂದ ಚಿಕಿತ್ಸೆಯ ಕೋಣೆಯಲ್ಲಿ ಏನು ಬದಲಾಗುತ್ತದೆ? ಬಸ್ಸಿನ ಕಂಬಿ ಮುಟ್ಟಿದರೆ ಮಗುವಿಗೆ ರೋಗ ತಂದುಬಿಡುತ್ತೇನೆ ಎಂಬ ಗೀಳು ಇರುವ ಒಬ್ಬರನ್ನು ಕಲ್ಪಿಸಿಕೊಳ್ಳಿ. ಮನೆಗೆ ಬಂದ ಮೇಲೆ ಮುಕ್ಕಾಲು ಗಂಟೆ ಕೈ ತೊಳೆಯುತ್ತಾರೆ, ಸೋಪು ವಾರಕ್ಕೆ ನಾಲ್ಕು ಖರ್ಚಾಗುತ್ತದೆ, ಬೆರಳ ಸಂದುಗಳಲ್ಲಿ ಚರ್ಮ ಬಿರಿದಿದೆ. ಹಳೆಯ ಕ್ರಮದಲ್ಲಿ ಕೋಣೆಯ ಬಾಗಿಲ ಹಿಡಿಯನ್ನು ಮುಟ್ಟಿಸಿ, ಆತಂಕ ಅರ್ಧಕ್ಕೆ ಇಳಿಯುವವರೆಗೆ ಕೂರಿಸುತ್ತಿದ್ದರು. ಇಳಿದರೆ ಆ ದಿನದ ಕೆಲಸ ಮುಗಿಯಿತು. ಕ್ಯಾಲಿಫೋರ್ನಿಯಾದ ಮಿಶೆಲ್ ಕ್ರಾಸ್ಕೆ ಮೊದಲಾದವರು ರೂಪಿಸಿದ ಹೊಸ ಕ್ರಮದಲ್ಲಿ ಆತಂಕ ಎಷ್ಟು ಇಳಿಯಿತು ಎಂಬುದಕ್ಕಿಂತ, ನಿರೀಕ್ಷಿಸಿದ್ದಕ್ಕೂ ನಡೆದದ್ದಕ್ಕೂ ಎಷ್ಟು ಅಂತರವಿತ್ತು ಎಂಬುದು ಮುಖ್ಯ. ಮುಟ್ಟುವ ಮೊದಲೇ ಅವರಿಂದ ಬರೆಸುತ್ತಾರೆ: ‘ಇವತ್ತು ಕೈ ತೊಳೆಯದೆ ಮಗುವನ್ನು ಎತ್ತಿಕೊಂಡರೆ ನಾಳೆ ಬೆಳಿಗ್ಗೆಯೊಳಗೆ ಜ್ವರ ಬರುತ್ತದೆ. ನನಗೆ ನೂರಕ್ಕೆ ತೊಂಬತ್ತು ಖಾತ್ರಿ.’ ಮರುದಿನ ಬೆಳಿಗ್ಗೆ ಮಗು ಎದ್ದು ಹಾಲು ಕುಡಿದು ಆಡುತ್ತಿರುತ್ತದೆ. ಆಗ ಅದೇ ಹಾಳೆ ತೆಗೆದು ಓದಿಸುತ್ತಾರೆ. ಎಣಿಸಿದ್ದು ತಪ್ಪಾದ ಆ ಗಳಿಗೆಯಲ್ಲೇ ಮಿದುಳು ಹೆಚ್ಚು ಕಲಿಯುವುದು.

ಮುಂದಿನ ಹೆಜ್ಜೆ ಜಾಗ ಬದಲಿಸುವುದು. ಆಸ್ಪತ್ರೆಯ ಕೋಣೆಯಲ್ಲಿ ಮಾತ್ರ ಅಭ್ಯಾಸವಾದರೆ ಬ್ರೇಕ್ ಆ ಕೋಣೆಗೇ ಅಂಟಿಕೊಳ್ಳುತ್ತದೆ. ಆದ್ದರಿಂದ ಬಸ್ ನಿಲ್ದಾಣದಲ್ಲಿ ಒಂದು ದಿನ, ತಂಗಿಯ ಮನೆಯಲ್ಲಿ ಒಂದು ದಿನ, ಸಂತೆಯಲ್ಲಿ ಒಂದು ದಿನ, ಒಬ್ಬರೇ ಇದ್ದಾಗ ಒಂದು ದಿನ. ಮೂರನೆಯದು, ಧೈರ್ಯಕ್ಕೆಂದು ಇಟ್ಟುಕೊಂಡ ಊರುಗೋಲುಗಳನ್ನು ಬಿಡಿಸುವುದು. ಜೇಬಿನಲ್ಲಿರುವ ಸ್ಯಾನಿಟೈಸರ್ ಬಾಟಲಿ ಒಂದು ಊರುಗೋಲು. ‘ಏನೂ ಆಗಲ್ಲ ಬಿಡ್ರಿ’ ಎಂದು ಹೆಂಡತಿ ದಿನಕ್ಕೆ ನೂರು ಸಲ ಹೇಳುವ ಸಮಾಧಾನವೂ ಒಂದು ಊರುಗೋಲು. ಪ್ರೀತಿಯಿಂದ ಹೇಳುವ ಮಾತೇ ಅದು. ಆದರೆ ಅನಾಹುತ ಆಗದೆ ಹೋದಾಗ ಅದರ ಶ್ರೇಯಸ್ಸೆಲ್ಲ ಆ ಸಮಾಧಾನಕ್ಕೆ ಸಲ್ಲುತ್ತದೆ, ಕಂಬಿ ಅಪಾಯವಲ್ಲ ಎಂಬ ಪಾಠ ಕಲಿಕೆಯಾಗುವುದೇ ಇಲ್ಲ. ಗೀಳಿನ ಚಿಕಿತ್ಸೆಯಲ್ಲಿ ಮನೆಯವರನ್ನೂ ಕೂರಿಸಿಕೊಂಡು ಮಾತಾಡುವುದು ಇದಕ್ಕೇ.

ಈ ಹೊಸ ಕ್ರಮ ಹಳೆಯದಕ್ಕಿಂತ ಎಷ್ಟು ಮೇಲು ಎಂಬ ಚರ್ಚೆ ಚಿಕಿತ್ಸಕರ ನಡುವೆ ಇನ್ನೂ ಮುಗಿದಿಲ್ಲ. ಆದರೆ ಭಯ ಮರಳುವುದೇಕೆ ಎಂಬ ಒಗಟಿಗೆ ಅದು ಉತ್ತರ ಕೊಟ್ಟಿದೆ. ಮರಳಿದರೆ ಚಿಕಿತ್ಸೆ ವ್ಯರ್ಥವಾಯಿತೆಂದಲ್ಲ. ಹಳೆಯ ಪಾಠ ಒಮ್ಮೆ ಮುಂದೆ ಬಂತು, ಅಷ್ಟೆ. ಇದನ್ನು ರೋಗಿಗೆ ಮೊದಲೇ ಹೇಳಿಟ್ಟರೆ, ಭಯ ಮರುಕಳಿಸಿದ ದಿನ ಅವರು ಕೈಚೆಲ್ಲುವುದಿಲ್ಲ.

ಬೆಂಗಳೂರಿನ ಇಲಿಗಳು ಹೇಳಿದ್ದು

ಈ ಕಥೆಯ ಒಂದು ಮುಖ್ಯ ಅಧ್ಯಾಯ ಬರೆದದ್ದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್. ಅಲ್ಲಿ ಸುಮಂತ್ರ ಚಟರ್ಜಿ ಅವರ ಪ್ರಯೋಗಾಲಯ ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡಲಾಗದಂತೆ ಇರಿಸಿ, ಒತ್ತಡ ಮಿದುಳಿಗೆ ಏನು ಮಾಡುತ್ತದೆ ಎಂದು ನೋಡಿತು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಸೊರಗಿದ್ದವು, ಅಮಿಗ್ಡಲದ ನರಕೋಶಗಳ ಕವಲುಗಳು ಮಾತ್ರ ಇನ್ನಷ್ಟು ಹರಡಿಕೊಂಡಿದ್ದವು. ಎರಡು ವರ್ಷದ ನಂತರದ ಅಧ್ಯಯನ ಇನ್ನೊಂದು ಸಂಗತಿ ಸೇರಿಸಿತು. ಒತ್ತಡ ನಿಂತು 21 ದಿನ ಕಳೆದರೆ ಹಿಪ್ಪೊಕ್ಯಾಂಪಸ್ ಚೇತರಿಸಿಕೊಳ್ಳುತ್ತದೆ, ಅಮಿಗ್ಡಲದ ಬದಲಾವಣೆ ಹಾಗೆಯೇ ಉಳಿಯುತ್ತದೆ.

ಇಲಿಯಿಂದ ಮನುಷ್ಯನಿಗೆ ನೇರ ಗೆರೆ ಎಳೆಯಲಾಗದು. ಆದರೂ ದಿಕ್ಕು ಅರ್ಥವಾಗುತ್ತದೆ. ದೀರ್ಘ ಒತ್ತಡ ಗಂಟೆ ಬಾರಿಸುವ ಭಾಗವನ್ನು ಬಲಪಡಿಸಿ, ಜಾಗ-ಸಂದರ್ಭ ಗುರುತಿಸುವ ಭಾಗವನ್ನು ಸೊರಗಿಸುತ್ತದೆ. ಸಾಲಗಾರರು ಬಾಗಿಲು ಬಡಿಯುತ್ತಿರುವ ಮನೆಯಲ್ಲಿ, ಹೊಡೆಯುವ ಗಂಡ ಇರುವ ಮನೆಯಲ್ಲಿ, ವಾರಕ್ಕೊಮ್ಮೆ ಕಲಿತ ಅಭಯದ ಪಾಠ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಒಂದು ವಿವರಣೆ ಇಲ್ಲಿದೆ. ಅಂಥ ಕಡೆ ಒತ್ತಡ ತಗ್ಗಿಸುವುದೂ ಚಿಕಿತ್ಸೆಯ ಭಾಗವಾಗಬೇಕಾಗುತ್ತದೆ.

ಕ್ಷಯದ ಮಾತ್ರೆಯೊಂದರ ಪಾಠ

ಇಲಿಯಿಂದ ರೋಗಿಯವರೆಗಿನ ದಾರಿ ಎಷ್ಟು ದುರ್ಗಮ ಎಂಬುದಕ್ಕೆ ಡಿ-ಸೈಕ್ಲೊಸೆರಿನ್ ಸಾಕ್ಷಿ. ಔಷಧಿಗೆ ಬಗ್ಗದ ಕ್ಷಯರೋಗಕ್ಕೆ ಇವತ್ತಿಗೂ ಬಳಸುವ ಸೈಕ್ಲೊಸೆರಿನ್ ಮಾತ್ರೆಯೇ ಇದು. ನರಕೋಶಗಳ ನಡುವೆ ಕಲಿಕೆ ಗಟ್ಟಿಯಾಗಲು ಬೇಕಾದ ಒಂದು ಗ್ರಾಹಕವನ್ನು (ರಾಸಾಯನಿಕ ಸಂದೇಶ ಹಿಡಿದುಕೊಳ್ಳುವ ಅಣುವನ್ನು) ಇದು ಚುರುಕುಗೊಳಿಸುತ್ತದೆ. ಇಲಿಗಳಲ್ಲಿ ಭಯ ಬೇಗ ಆರಿದ್ದನ್ನು ನೋಡಿ, ಕೆರಿ ರೆಸ್ಲರ್ ಮತ್ತು ಸಂಗಡಿಗರು ಎತ್ತರದ ಭಯವಿದ್ದ 28 ಜನರಲ್ಲಿ ಪ್ರಯೋಗಿಸಿದರು. ಮಾತ್ರೆ ಕೊಟ್ಟು, ಕಂಪ್ಯೂಟರ್ ಸೃಷ್ಟಿಸಿದ ಗಾಜಿನ ಲಿಫ್ಟ್‌ನಲ್ಲಿ ಮೇಲೇರಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ಎರಡೇ ಭೇಟಿಯಲ್ಲಿ ಮಾತ್ರೆ ಪಡೆದವರು ಉಳಿದವರಿಗಿಂತ ಬಹಳ ಮುಂದಿದ್ದರು.

ಆಮೇಲೆ ಪ್ರಯೋಗಗಳ ಸಾಲೇ ನಡೆಯಿತು. 2017ರಲ್ಲಿ 21 ಪ್ರಯೋಗಗಳ, ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಹಾಕಿ ನೋಡಿದಾಗ ಲಾಭ ಸಣ್ಣದಾಗಿತ್ತು. ಕಾರಣಗಳಲ್ಲಿ ಒಂದು ಕಣ್ತೆರೆಸುವಂಥದು. ಮಾತ್ರೆ ಅಭಯದ ಪಾಠವನ್ನಷ್ಟೇ ಆರಿಸಿಕೊಂಡು ಗಟ್ಟಿಮಾಡುವುದಿಲ್ಲ, ಆ ಹೊತ್ತಿನಲ್ಲಿ ಯಾವ ಕಲಿಕೆ ನಡೆಯುತ್ತದೆಯೋ ಅದನ್ನು ಗಟ್ಟಿಮಾಡುತ್ತದೆ. ರೋಗಿ ಆ ದಿನ ಹೆದರಿಕೆಯಲ್ಲೇ ಕೋಣೆಯಿಂದ ಹೊರಬಂದರೆ ಹೆದರಿಕೆಯೇ ಗಟ್ಟಿಯಾಗಬಹುದು. ಆ ಒಂದು ಗಂಟೆಯನ್ನು ಕೈಹಿಡಿದು ನಡೆಸುವ ಚಿಕಿತ್ಸಕರ ಕೌಶಲಕ್ಕೆ ಮಾತ್ರೆ ಬದಲಿಯಾಗಲಿಲ್ಲ.

ಸ್ಕ್ಯಾನ್ ಪರ, ಸ್ಕ್ಯಾನ್ ವಿರೋಧ

ಈಗ ಸ್ಟ್ಯಾನ್‌ಫರ್ಡ್ ಸುದ್ದಿಗೆ ಬರೋಣ. ಸ್ಕ್ಯಾನ್ ಪರವಾದ ವಾದ ಗಟ್ಟಿಯಾದದ್ದೇ. ಎದೆನೋವು ಎಂದು ಬಂದವರಿಗೆಲ್ಲ ವೈದ್ಯರು ಒಂದೇ ಮಾತ್ರೆ ಕೊಡುವುದಿಲ್ಲ, ಇಸಿಜಿ ನೋಡುತ್ತಾರೆ. ಖಿನ್ನತೆಯಲ್ಲಿ ಮಾತ್ರ ಇವತ್ತಿಗೂ ಒಂದನ್ನು ಕೊಟ್ಟು ನೋಡುವುದು, ಆರೆಂಟು ವಾರ ಕಾಯುವುದು, ಹಿಡಿಯದಿದ್ದರೆ ಬದಲಾಯಿಸುವುದು. ಆ ಕಾಯುವ ವಾರಗಳಲ್ಲಿ ಜೀವಗಳು ಹೋಗುತ್ತವೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ನಿರ್ದೇಶಕರಾಗಿದ್ದ ಥಾಮಸ್ ಇನ್ಸೆಲ್, ಲಕ್ಷಣಗಳ ಪಟ್ಟಿ ನೋಡಿ ರೋಗ ಹೆಸರಿಸುವುದನ್ನು ಬಿಟ್ಟು ಮಿದುಳಿನ ಜಾಲಗಳಿಂದ ಶುರುಮಾಡೋಣ ಎಂದು 2013ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಅದೇ ವರ್ಷ ಹೆಲೆನ್ ಮೇಬರ್ಗ್ ಅವರ ತಂಡ, ಮಿದುಳಿನ ಬಲಭಾಗದ ಇನ್ಸುಲಾ ಎಂಬಲ್ಲಿ ಚಟುವಟಿಕೆ ಕಡಿಮೆ ಇದ್ದವರಿಗೆ ಸಿಬಿಟಿ, ಹೆಚ್ಚಿದ್ದವರಿಗೆ ಮಾತ್ರೆ ಒಗ್ಗುವ ಸೂಚನೆ ಇದೆ ಎಂದು ವರದಿ ಮಾಡಿತು. ಸ್ಟ್ಯಾನ್‌ಫರ್ಡ್ ಅಧ್ಯಯನ ಇದೇ ಹಾದಿಯ ಮುಂದಿನ ಹೆಜ್ಜೆ.

ಅನುಮಾನಪಡುವವರ ವಾದವೂ ಅಷ್ಟೇ ಗಟ್ಟಿ. ಮೊದಲನೆಯದು ಲೆಕ್ಕದ ಮಾತು. 801 ಜನರಲ್ಲಿ ಚಿಕಿತ್ಸೆಯ ಫಲ ಹೋಲಿಸಿ ನೋಡಿದ್ದು 250 ಮಂದಿಯಲ್ಲಿ. ಮೂರು ಮಾತ್ರೆ, ಒಂದು ಮಾತಿನ ಚಿಕಿತ್ಸೆ, ಆರು ಬಗೆ ಎಂದು ಹಂಚಿದರೆ ಒಂದೊಂದು ಗುಂಪಿಗೆ ಸರಾಸರಿ ಹತ್ತು ಜನ ಬರುತ್ತಾರೆ. ಹತ್ತು ಜನರಲ್ಲಿ ಕಂಡದ್ದನ್ನು ಹತ್ತು ಸಾವಿರ ಜನರಿಗೆ ಅನ್ವಯಿಸಬೇಕಾದರೆ, ಸ್ಕ್ಯಾನ್ ನೋಡಿ ಮೊದಲೇ ಚಿಕಿತ್ಸೆ ನಿಗದಿಮಾಡಿ, ಸ್ಕ್ಯಾನ್ ಇಲ್ಲದೆ ಚಿಕಿತ್ಸೆ ಪಡೆದವರೊಡನೆ ಹೋಲಿಸುವ ದೊಡ್ಡ ಪ್ರಯೋಗಗಳು ಆಗಬೇಕು. 2022ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆ, ಮಿದುಳಿನ ಚಿತ್ರಕ್ಕೂ ಮನುಷ್ಯನ ಸ್ವಭಾವ-ಲಕ್ಷಣಗಳಿಗೂ ಇರುವ ನಂಟನ್ನು ನಂಬಿಕೆಗೆ ಅರ್ಹವಾಗಿ ಹೇಳಲು ಸಾವಿರಾರು ಜನ ಬೇಕು ಎಂದು ತೋರಿಸಿತು.

ಎರಡನೆಯದು ಯಂತ್ರದ ಮಾತು. ಎಂಆರ್‌ಐ ಚಿತ್ರದಲ್ಲಿ ಕೆಂಪು-ಹಳದಿಯಾಗಿ ಹೊಳೆಯುವುದು ಆಲೋಚನೆಯಲ್ಲ, ನರಕೋಶದ ಮಿಡಿತವೂ ಅಲ್ಲ. ಆ ಭಾಗದ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಬದಲಾದದ್ದನ್ನು ಅಳೆದು, ಅನೇಕ ಹಂತದ ಲೆಕ್ಕಾಚಾರ ಹಾಯಿಸಿ, ಕೊನೆಗೆ ಬಣ್ಣ ಹಚ್ಚಿರುತ್ತಾರೆ. 2020ರಲ್ಲಿ ಒಂದೇ ಪ್ರಯೋಗದ ಸ್ಕ್ಯಾನ್‌ಗಳನ್ನು 70 ಸಂಶೋಧನಾ ತಂಡಗಳಿಗೆ ಕೊಟ್ಟು ಅವೇ ಪ್ರಶ್ನೆಗಳನ್ನು ಕೇಳಿದಾಗ, ಹಲವು ಪ್ರಶ್ನೆಗಳಿಗೆ ತಂಡದಿಂದ ತಂಡಕ್ಕೆ ಬೇರೆ ಬೇರೆ ಉತ್ತರ ಬಂತು. ಯಾರೂ ಮೋಸ ಮಾಡಿರಲಿಲ್ಲ. ಲೆಕ್ಕಾಚಾರದ ಹಂತಗಳಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದರು, ಅಷ್ಟೇ.

ಮೂರನೆಯದು ನಮ್ಮ ಮನಸ್ಸಿನ ಮಾತು. 2008ರ ಒಂದು ಅಧ್ಯಯನದಲ್ಲಿ, ಹುರುಳಿಲ್ಲದ ವಿವರಣೆಗಳಿಗೆ ಸಂಬಂಧವೇ ಇಲ್ಲದ ಒಂದು ಮಿದುಳಿನ ವಾಕ್ಯ ಸೇರಿಸಿದಾಗ ಸಾಮಾನ್ಯ ಓದುಗರಿಗೆ ಅವು ಹೆಚ್ಚು ಒಪ್ಪಿಗೆಯಾದವು. ಮಿದುಳಿನ ಹೆಸರು ಹೇಳಿದರೆ ನಮಗೆ ನಂಬಿಕೆ ಬರುತ್ತದೆ. ಸಂಶೋಧಕರಿಗಿಂತ ಹೆಚ್ಚಾಗಿ ಮಾರುವವರು ಬಳಸಿಕೊಳ್ಳುವುದು ಇದನ್ನೇ.

ಮಿದುಳಿನ ಭಾಷೆಯ ಲಾಭ-ನಷ್ಟ

ರೋಗಿಯನ್ನು ‘ಸೋಮಾರಿ’, ‘ನಾಟಕ’ ಎನ್ನುವ ಮನೆಗಳಲ್ಲಿ ‘ಇದು ಮಿದುಳಿನ ಕಾಯಿಲೆ’ ಎಂಬ ಮಾತು ದೊಡ್ಡ ಉಪಕಾರ ಮಾಡುತ್ತದೆ. ದೂಷಣೆ ಕಡಿಮೆಯಾಗುತ್ತದೆ. ಆದರೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಇನ್ನೊಂದು ಬದಿಯನ್ನೂ ಕಂಡಿದ್ದಾರೆ. ಇಂಥ ವಿವರಣೆ ಕೇಳಿದ ಜನರಿಗೆ ಈ ಕಾಯಿಲೆ ವಾಸಿಯಾಗುತ್ತದೆ ಎಂಬ ನಂಬಿಕೆಯೂ ಕುಗ್ಗುತ್ತದೆ. ಮಿದುಳಿನಲ್ಲೇ ಇದೆ ಎಂದ ಮೇಲೆ ಹಣೆಬರಹದ ಹಾಗೆ, ಇನ್ನೇನು ಮಾಡಲಾದೀತು ಎಂಬ ಭಾವ. ಮಿದುಳು ಜೀವನವಿಡೀ ಕಲಿಯುವ ಅಂಗ ಎಂಬುದನ್ನೂ ಜೊತೆಯಲ್ಲೇ ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತೆ.

ಸ್ಕ್ಯಾನ್ ಇಲ್ಲದೆಯೂ ಚಿಕಿತ್ಸೆ ಫಲಿಸುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಗೋವಾದಿಂದ. ಖಿನ್ನತೆ ಇರುವವರು ಮನಸ್ಸು ಬಂದ ಮೇಲೆ ಕೆಲಸ ಮಾಡೋಣ ಎಂದು ಕಾಯುತ್ತಾರೆ, ಮನಸ್ಸು ಬರುವುದಿಲ್ಲ. ಮೊದಲು ಸಣ್ಣದೊಂದು ಕೆಲಸ ಮಾಡಿಸಿದರೆ ಮನಸ್ಸು ಹಿಂದೆ ಬರುತ್ತದೆ ಎಂಬುದು ಸಿಬಿಟಿಯ ಒಂದು ಭಾಗ. ಹಿತವೆನಿಸುವುದನ್ನು ಮತ್ತೆ ಮಾಡಲು ತಳ್ಳುವ ಮಿದುಳಿನ ಜಾಲಗಳ ಬಗ್ಗೆ ನರವಿಜ್ಞಾನ ತಿಳಿಸುವುದೂ ಇದಕ್ಕೆ ಹೊಂದುತ್ತದೆ. ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಇದನ್ನೇ ಮುಖ್ಯವಾಗಿಟ್ಟು ಆರೆಂಟು ಭೇಟಿಗಳ ಚಿಕಿತ್ಸೆ ರೂಪಿಸಿದರು. ಸೈಕಾಲಜಿ ಓದಿರದ ಸ್ಥಳೀಯರಿಗೆ ತರಬೇತಿ ಕೊಟ್ಟು, ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 495 ಜನರ ಪ್ರಯೋಗ ನಡೆಸಿದರು. 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶದಲ್ಲಿ ಚಿಕಿತ್ಸೆ ಪಡೆದವರ ಖಿನ್ನತೆ ಸ್ಪಷ್ಟವಾಗಿ ಇಳಿದಿತ್ತು. ಅಲ್ಲಿ ಸ್ಕ್ಯಾನ್ ಇರಲಿಲ್ಲ. ಒಂದು ಬೆಂಚು, ಒಂದು ಪುಸ್ತಿಕೆ, ಕೊಂಕಣಿಯಲ್ಲೋ ಮರಾಠಿಯಲ್ಲೋ ಮಾತಾಡುವ ಒಬ್ಬರು, ಬೇಕಾದದ್ದು ಅಷ್ಟೇ.

ನಮ್ಮಲ್ಲಿ ಇದರ ಪರಿಣಾಮ

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆಗಳಲ್ಲಿ ಸುಮಾರು ಶೇ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಯಾವ ಚಿಕಿತ್ಸೆ ಹೊಂದುತ್ತದೆ ಎಂದು ಸ್ಕ್ಯಾನ್‌ನಿಂದ ಆರಿಸುವ ಪ್ರಶ್ನೆ ಏಳುವುದು ಚಿಕಿತ್ಸೆಯ ಬಾಗಿಲವರೆಗೆ ಬಂದವರಿಗೆ. ನಮ್ಮಲ್ಲಿ ಬಹುಪಾಲು ಜನ ಆ ಬಾಗಿಲನ್ನೇ ತಲುಪಿಲ್ಲ.

ಸಂಶೋಧನೆ ನಿಲ್ಲಬೇಕು ಎಂದು ಇದರ ಅರ್ಥವಲ್ಲ. ನಿಮ್ಹಾನ್ಸ್, ಎನ್‌ಸಿಬಿಎಸ್‌ಗಳಲ್ಲಿ ನಡೆಯುವ ಮೂಲ ಸಂಶೋಧನೆ ನಡೆಯಲೇಬೇಕು, ಹೆಚ್ಚು ಹಣವೂ ಬರಬೇಕು. ಆತಂಕ ಇರುವುದು ಸಂಶೋಧನೆ ಮುಗಿಯುವ ಮೊದಲೇ ಅದನ್ನು ಬಿಲ್ಲಿಗೆ ಸೇರಿಸುವ ಬಗ್ಗೆ. ಮಿದುಳಿನ ಅಳತೆಗಳನ್ನು ಅವಸರದಲ್ಲಿ ಬಳಸಿದರೆ ಏನಾಗುತ್ತದೆ ಎಂಬುದನ್ನು ಈ ದೇಶ ಬೇರೊಂದು ಕ್ಷೇತ್ರದಲ್ಲಿ ಕಂಡಿದೆ. ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರ, ಮಿದುಳಿನ ವಿದ್ಯುತ್ ಅಲೆಗಳನ್ನು ನೋಡಿ ಅಪರಾಧದ ಅರಿವನ್ನು ಪತ್ತೆಮಾಡುವ ಪರೀಕ್ಷೆ, ಇವುಗಳನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಹೆಸರೇ ಸೆಲ್ವಿ ಮತ್ತು ಕರ್ನಾಟಕ ರಾಜ್ಯ. ಇಂಥ ಪರೀಕ್ಷೆಗಳ ಫಲಿತಾಂಶ ಎಷ್ಟರ ಮಟ್ಟಿಗೆ ನಂಬಿಕೆಗೆ ಅರ್ಹ ಎಂಬ ಪ್ರಶ್ನೆಯನ್ನೂ ನ್ಯಾಯಾಲಯ ಕೈಗೆತ್ತಿಕೊಂಡಿತ್ತು.

ಚಿಕಿತ್ಸೆಗೆ ಹೋಗುವವರು ಇದನ್ನೆಲ್ಲ ಹೇಗೆ ಬಳಸಿಕೊಳ್ಳಬಹುದು? ತಲೆಗೆ ಪೆಟ್ಟು, ಫಿಟ್ಸ್, ಇದ್ದಕ್ಕಿದ್ದಂತೆ ನೆನಪು ಹೋಗುವುದು ಇಂಥವುಗಳಲ್ಲಿ ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ವೈದ್ಯರು ಸ್ಕ್ಯಾನ್ ಬರೆದರೆ ಮಾಡಿಸಲೇಬೇಕು. ಖಿನ್ನತೆಗೆ ಯಾವ ಚಿಕಿತ್ಸೆ ಸರಿ ಎಂದು ಆರಿಸುವುದಕ್ಕೇ ‘ಬ್ರೈನ್ ಮ್ಯಾಪಿಂಗ್’ ಮಾಡಿಸಿ ಎಂದರೆ, ಇದರ ಫಲಿತಾಂಶದಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಕೇಳಬೇಕು. ಸದ್ಯಕ್ಕೆ ದಿನನಿತ್ಯದ ಚಿಕಿತ್ಸೆಯಲ್ಲಿ ಬದಲಾಗುವಂಥದ್ದು ಏನೂ ಇಲ್ಲ.

ಚಿಕಿತ್ಸಕರನ್ನು ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಭೇಟಿಯ ನಡುವಿನ ದಿನಗಳಲ್ಲಿ ಮನೆಯಲ್ಲಿ ಏನು ಅಭ್ಯಾಸ ಮಾಡಬೇಕು? ಕೋಣೆಯ ಹೊರಗೂ, ಬೇರೆ ಬೇರೆ ಜಾಗಗಳಲ್ಲೂ ಮಾಡಿಸುತ್ತೀರಾ? ಮನೆಯವರು ಯಾವ ಸಹಾಯ ಮಾಡಬೇಕು, ಯಾವುದನ್ನು ನಿಲ್ಲಿಸಬೇಕು? ಭಯ ಮರಳಿದರೆ ಏನು ಮಾಡುವುದು? ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯದವರಿಗೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕರೆ ಮಾಡುವವರು ರೋಗದ ಹೆಸರು ಹೇಳಬೇಕಾಗಿಲ್ಲ. ನಿದ್ದೆ ಬರುತ್ತಿಲ್ಲ, ಎದೆ ಹಿಡಿದ ಹಾಗಾಗುತ್ತದೆ, ಕೈ ತೊಳೆದಷ್ಟೂ ಸಾಲದು ಎನಿಸುತ್ತದೆ ಎಂದು ಆಗುತ್ತಿರುವುದನ್ನು ಆಗುತ್ತಿರುವ ಹಾಗೆ ಹೇಳಿದರೆ ಸಾಕು.